ಫ್ಲಾಪಿಯೊಳಗೆ ಬೀಗರ ಊಟ

ಬಿಸಿ ಮುದ್ದೆಯ ಹಬೆಗೆ ಕಂಪ್ಯೂಟರು ಸುಸ್ತಾಗಿ ನಿಂತುಬಿಡಬಹುದು ಎಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಾನು ಹಬೆಯನ್ನು ಕೈಬಿಡುತ್ತಿರಲಿಲ್ಲ, ಆ ಮಾತು ಬೇರೆ. ಹಬೆಯಾಡದ ಮುದ್ದೆಯನ್ನು ಬೀಗರ ಮುಂದೆ ಇಡುವಷ್ಟು ಮಾನಗೆಟ್ಟವಳಲ್ಲ ನಾನು.

ಫ್ಲ್ಯಾಶ್ ಎಂಬ ಸಾಫ್ಟ್‌ವೇರು ಇನ್ನೂ ಜೀವಂತವಾಗಿದ್ದ ಕಾಲ ಅದು. ಚಿತ್ರ ಬರೆದು ಅದಕ್ಕೆ ನಾಲ್ಕು ಸಾಲು ಕೋಡು ಸೇರಿಸಿದರೆ ಚಿತ್ರ ಕುಣಿಯುತ್ತಿತ್ತು, ಒತ್ತಿದರೆ ಮಾತಾಡುತ್ತಿತ್ತು. ನಾನು ಮಂಡ್ಯದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಅದನ್ನು ಕಲಿಸುತ್ತಿದ್ದೆ. ಮನೆ ಅಲ್ಲೇ ಗುತ್ತಲಿನಲ್ಲಿ. ಕಲಿಯಲು ಮಳವಳ್ಳಿಯಿಂದ ಒಬ್ಬ ಬರುತ್ತಿದ್ದ. ಊರಿನಲ್ಲಿ ಲಗ್ನಪತ್ರಿಕೆ ಟೈಪು ಮಾಡಿಕೊಡುವ ಅಂಗಡಿ ಅವನದು. ಅವನು ಚಿತ್ರ ಬರೆದರೆ ಕೋಳಿ ಯಾವುದು, ಕುರಿ ಯಾವುದು ಎಂದು ಅವನೇ ಹೇಳಬೇಕಾಗಿತ್ತು. ಕೋಡು ಬರೆಯಲು ಕೂತರೆ ಮಾತ್ರ ಟೀಚರಾದ ನಾನೇ ಅವನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂರುತ್ತಿದ್ದೆ. ಕೋರ್ಸು ಮುಗಿಯಿತು. ಇಬ್ಬರೂ ಸೇರಿ ಒಂದು ಕಂಪ್ಯೂಟರ್ ಆಟ ಮಾಡೋಣ ಎಂದುಕೊಂಡೆವು. ಆಟ ಬರೀ ನೆಪ ಎಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಆಟದ ಹೆಸರು ‘ಬೀಗರ ಊಟ’. ಮದುವೆ ಮುಗಿದ ಮೇಲೆ ಹೆಣ್ಣು ಗಂಡಿನ ಕಡೆಯವರು ಒಂದೆಡೆ ಸೇರಿ ಉಣ್ಣುವ ಬಾಡೂಟ ನಮ್ಮ ಕಡೆ ಮದುವೆಗಿಂತ ದೊಡ್ಡದು. ತಾಳಿ ಕಟ್ಟುವಾಗ ಇಲ್ಲದವರೂ ಬೋಟಿ ಗೊಜ್ಜಿಗೆ ಹಾಜರಿರುತ್ತಾರೆ. ನಮ್ಮ ಆಟದಲ್ಲಿ ಆಡುವವರೇ ಬಡಿಸುವವರು. ಸಾಲಾಗಿ ಕೂತ ಬೀಗರಿಗೆ ಮುದ್ದೆ, ಸಾರು, ಗೊಜ್ಜು ಬಡಿಸುತ್ತ ಹೋಗಬೇಕು. ಪಂಚೆಯ ಮೇಲೆ ಸಾರು ಚೆಲ್ಲಬಾರದು, ಎಲೆ ಬರಿದಾಗಬಾರದು. ಬೇಡ ಬೇಡ ಎಂದು ಕೈ ಅಡ್ಡ ಇಟ್ಟವರ ಕೈಸಂದಿಯಲ್ಲಿ ಇನ್ನೊಂದು ಮುದ್ದೆ ಇಳಿಸಿದರೆ ಪಾಯಿಂಟು ಜಾಸ್ತಿ. ಪಂಕ್ತಿ ಒಟ್ಟಿಗೆ ಎದ್ದ ಮೇಲೆ ಎಲೆಗಳು ಹೋಗುತ್ತವೆ, ಮುಂದಿನ ಪಂಕ್ತಿ ಕೂರುತ್ತದೆ. ಎರಡನೆಯ ಪಂಕ್ತಿಯ ಮಧ್ಯದಲ್ಲಿ ಒಬ್ಬ ತಾತ ಕೂತಿರುತ್ತಿದ್ದ. ಅವನ ಹತ್ತಿರ ಒಂದೇ ಮಾತು: “ಇನ್ನೊಂದು ಆಕ್ಲಾ ಮಗಾ.”

ಆ ತಾತ ಮಳವಳ್ಳಿಯವನ ಸ್ವಂತ ತಾತ. ತೀರಿಹೋಗಿ ಕೆಲವು ವರ್ಷವಾಗಿತ್ತು. ಕಿರುಗಾವಲಿನಿಂದ ಮದ್ದೂರಿನವರೆಗೆ ಯಾವ ಊಟದ ಮನೆಯಲ್ಲೂ ಅವರು ‘ಸಾಕು’ ಅಂದದ್ದನ್ನು ಕೇಳಿದವರಿಲ್ಲವಂತೆ. ಮೊಮ್ಮಗ ಅವರ ಹಳೆಯ ಫೋಟೋ ತಂದುಕೊಟ್ಟ. ನಾನು ಆ ಮೀಸೆ ನೋಡಿ ಮರುಳಾಗಿ ಒಂದೊಂದು ಕೂದಲನ್ನೂ ಬೇರೆ ಬೇರೆಯಾಗಿ ಬರೆದೆ.

ನಾವು ಸೇರುತ್ತಿದ್ದದ್ದು ಮದ್ದೂರಿನಲ್ಲಿ. ಮಂಡ್ಯಕ್ಕೂ ಮಳವಳ್ಳಿಗೂ ಅದು ನಡುವೆ ಎಂದು ಇಬ್ಬರೂ ಮನೆಯಲ್ಲಿ ಹೇಳಿದ್ದೆವು. ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿನಲ್ಲಿ ಆಟ ಹಾಕಿ ನೋಡುವುದು, ಆಮೇಲೆ ವಡೆ ತಿನ್ನುವುದು, ಆಮೇಲೆ ಬಸ್ಸಿಗೆ ಕಾಯುವುದು. ಬಸ್ಸು ಬಂದರೆ ಇದು ರಶ್ಶು, ಮುಂದಿನದಕ್ಕೆ ಹೋಗೋಣ ಎನ್ನುವುದು. ನಾಲ್ಕು ಜನ ಕೂತಿದ್ದ ಬಸ್ಸನ್ನೂ ರಶ್ಶು ಎಂದು ಬಿಟ್ಟಿದ್ದೇವೆ. ಊರಿಗೆಲ್ಲ ಕಣ್ಣಿರುತ್ತದೆ. ಗುತ್ತಲಿನ ಯಾರೋ ನೋಡಿ ಅಪ್ಪನ ಕಿವಿಗೆ ಹಾಕಿದರು.

ಅಪ್ಪನ ಬಗ್ಗೆ ಹೇಳಬೇಕು. ಅವರು ಸರ್ಕಾರಿ ನೌಕರರಾಗಿದ್ದರು ಎಂಬುದು ಗುತ್ತಲಿನಲ್ಲಿ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅವರ ಹೆಸರಿದ್ದದ್ದು ಬಡಿಸುವುದರಲ್ಲಿ. ಯಾರ ಮನೆಯ ಬೀಗರ ಊಟವಾದರೂ ಸೊಂಟಕ್ಕೆ ಟವೆಲು ಕಟ್ಟಿ ಪಂಕ್ತಿಯ ತುದಿಯಲ್ಲಿ ನಿಂತುಬಿಡುತ್ತಿದ್ದರು. ಮನುಷ್ಯರನ್ನು ಅಳೆಯುತ್ತಿದ್ದದ್ದೂ ಎಲೆಯ ಮುಂದೆಯೇ. ಮುದ್ದೆಯನ್ನು ನುಂಗದೆ ಅಗಿಯುವವನನ್ನು ಕಂಡರೆ ಕನಿಕರಪಡುತ್ತಿದ್ದರು, ಅರ್ಧ ಬಿಟ್ಟು ಏಳುವವನನ್ನು ಕಂಡರೆ ಉರಿದುಬೀಳುತ್ತಿದ್ದರು. ನನ್ನನ್ನು ನೋಡಲು ಬಂದ ಒಬ್ಬ ವರ ಫೋನು ಬಂತೆಂದು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಿದ್ದ. ಉಣ್ಣೋದನ್ನೇ ಮುಗಿಸದವನು ಸಂಸಾರ ಏನು ಸಾಗಿಸುತ್ತಾನೆ ಎಂದು ಸಂಬಂಧವನ್ನೇ ಕೈಬಿಟ್ಟರು. ಆ ವರ ನನಗೂ ಬೇಕಿರಲಿಲ್ಲ, ಆದ್ದರಿಂದ ಆವತ್ತು ಅಪ್ಪನ ನ್ಯಾಯ ನನಗೆ ಬಹಳ ಹಿಡಿಸಿತ್ತು.

ಈಗ ಅದೇ ನ್ಯಾಯ ನನ್ನ ಕಡೆಗೆ ತಿರುಗಿತು. ಅಪ್ಪ ಕೂಗಾಡಲಿಲ್ಲ. ಚಹಾ ಕುಡಿಯುತ್ತ ಕೇಳಿದರು, “ಅದೇನೋ ಆಟ ಕಟ್ತೀವಿ ಅಂತ ಮದ್ದೂರು ಬಸ್ ಸ್ಟ್ಯಾಂಡ್ ಸವೆಸ್ತಾ ಇದ್ದೀರಂತಲ್ಲವ್ವ?”

ನಾನು ಅವರ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದೆ.

“ಬರೋ ಭಾನ್ವಾರ ಆ ಹೈದನ್ನ ಮನೆಗೆ ಕರಿ. ಆಟ ನಾನೇ ಆಡಿ ನೋಡ್ತೀನಿ. ಕೆಲ್ಸ ಪೂರ್ತಿ ಮಾಡೋನಾದ್ರೆ ಕೂರ್ಸಿ ಮಾತಾಡನ. ಅರ್ಧಕ್ಕೆ ನಿಲ್ಸೋ ಗಿರಾಕಿ ಆದ್ರೆ ನಾನೇ ಬಸ್ ಅತ್ತುಸ್ ಬತ್ತೀನಿ.”

ಅವ್ವ ಒಳಗಿನಿಂದ ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತಾಯಿತು.

ಸರಿ, ಆಟ ಮನೆಯ ಕಂಪ್ಯೂಟರಿನಲ್ಲಿ ಓಡಬೇಕು. ಆ ಕಂಪ್ಯೂಟರೋ ಅಪ್ಪ ಯಾರಿಂದಲೋ ತಂದದ್ದು, ನನ್ನ ಪುಣ್ಯಕ್ಕೆ ಆನ್ ಆಗುತ್ತಿತ್ತು. ಸೀಡಿ ಹಾಕುವ ಬಾಗಿಲು ತೆರೆಯುತ್ತಿರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸೋಣ ಎಂದರೆ ಚಿಕ್ಕಮ್ಮನ ಫೋನು ಬಂದ ಕೂಡಲೇ ಲೈನು ಕಟ್ಟಾಗುತ್ತಿತ್ತು, ಚಿಕ್ಕಮ್ಮನ ಫೋನು ಯಾವಾಗಲೂ ಬರುತ್ತಿತ್ತು. ಉಳಿದ ದಾರಿ ಫ್ಲಾಪಿ. ಅಂಗೈಯಗಲದ ಆ ಚೌಕದಲ್ಲಿ ಒಂದು ಒಳ್ಳೆಯ ಫೋಟೋ ಹಿಡಿಸುವುದೇ ಕಷ್ಟ. ನಮ್ಮ ಬೀಗರ ಊಟಕ್ಕೆ ಫ್ಲಾಪಿಗಳ ಒಂದು ಚೀಲವೇ ಬೇಕಾಗಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ದೊಡ್ಡವರು ಹೇಳಿದ್ದಾರೆ. ನಾವು ಕಾಲು ಕತ್ತರಿಸಲು ಕೂತೆವು. ಬೋಟಿ ಗೊಜ್ಜಿನ ಬಣ್ಣದ ಫೋಟೋ ಮೊದಲು ಹೋಯಿತು, ಅದರ ಜಾಗಕ್ಕೆ ಎರಡೇ ಬಣ್ಣದಲ್ಲಿ ಬರೆದ ಗೊಜ್ಜು ಬಂತು. ಬೀಗರೆಲ್ಲರನ್ನೂ ಬೇರೆ ಬೇರೆ ಬರೆದಿದ್ದೆ. ಈಗ ಎಲ್ಲರಿಗೂ ಒಂದೇ ಮೈ, ತಲೆ ಮಾತ್ರ ಬೇರೆ. ಮುದ್ದೆಯೂ ಒಂದೇ, ಉಳಿದವೆಲ್ಲ ಅದೇ ಅಚ್ಚಿನವು. ಒಂದೇ ಮುದ್ದೆಯನ್ನು ಇಡೀ ಪಂಕ್ತಿಗೆ ಬಡಿಸಿದರೂ ಫೈಲಿಗೆ ಒಂದೇ ಮುದ್ದೆಯ ತೂಕ! ಇದು ಗೊತ್ತಾದ ದಿನ ನಾನು ಸೈಬರ್ ಸೆಂಟರಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಇಂಥದೊಂದು ವಿದ್ಯೆ ನಮ್ಮವ್ವನಿಗೆ ಬಂದಿದ್ದರೆ ಅವರ ರಟ್ಟೆ ಉಳಿಯುತ್ತಿತ್ತು.

ಮೀಸೆಯ ವಿಷಯಕ್ಕೆ ಜಗಳವೇ ಆಯಿತು.

“ಬಾಣಲೆಗಟ್ಲೆ ಗೊಜ್ಜಿಗಿಂತ ಆ ಮೀಸೆನೇ ಭಾರ ಕಣಮ್ಮಿ. ಬೋಳ್ಸು ಅದ್ನ,” ಎಂದ ಅವನು.

“ನಿಂದು ಬೋಳುಸ್ಕೋ ಮೊದ್ಲು. ಇರೋದೇ ನಾಕು ಕೂದ್ಲು, ಸುಲ್ಭ,” ಎಂದೆ.

ಕೊನೆಗೆ ಕೂದಲು ಕೂದಲಾಗಿ ಇದ್ದ ಮೀಸೆಯನ್ನು ಒಂದೇ ಬೀಸಿನ ಗೆರೆ ಮಾಡಿದೆ. ನೋಡಿದರೆ ಮೊದಲಿಗಿಂತ ಗತ್ತಾಗಿತ್ತು, ಆದರೆ ಅವನಿಗೆ ಹಾಗೆ ಹೇಳಲಿಲ್ಲ. ನನಗೆ ಬಿಡಲಾಗದೆ ಇದ್ದದ್ದು ವಾಲಗದ ಸದ್ದು. ಪೂರ್ತಿ ಹಾಡು ತೆಗೆದು ಒಂದೇ ಉಸಿರಿನಷ್ಟು ಉಳಿಸಿಕೊಂಡು, ಅದನ್ನೇ ಸುತ್ತಿ ಸುತ್ತಿ ಬಾರಿಸುವ ಹಾಗೆ ಮಾಡಿಸಿದೆ. ವಾಲಗ ಇಲ್ಲದೆ ಎಂಥ ಬೀಗರ ಊಟ? ಅಂತೂ ಆಟ ಫ್ಲಾಪಿಗೆ ಇಳಿಯಿತು. ಒಂದು ಚೂರು ಜಾಗ ಉಳಿಯಲಿಲ್ಲ. ಅವನು ಆ ಖುಷಿಯಲ್ಲಿ ಫ್ಲಾಪಿಯನ್ನು ವಡೆಯ ಪೊಟ್ಟಣದ ಜೊತೆ ಇಟ್ಟು, ಎಣ್ಣೆ ಹತ್ತಿ, ಇನ್ನೊಂದು ಫ್ಲಾಪಿ ತರಬೇಕಾಯಿತು.

ಸೆಂಟರಿನ ಹುಡುಗಿಯರಿಗೆಲ್ಲ ಆಡಿಸಿದೆ. ಆಟ ನೀರು ಕುಡಿದ ಹಾಗೆ ಓಡಿತು. ಆದರೆ ಭಾನುವಾರ ಆಡುವವರು ಅವರಲ್ಲವಲ್ಲ. ಆ ವಾರ ಮದ್ದೂರಿನಲ್ಲಿ ಕೂತು, ಅಪ್ಪ ಆಡುವ ಹಾಗೆ ಆಡಿ ನೋಡಿದೆ. ಹುಡುಗಿಯರು ಪಾಯಿಂಟಿನ ಆಸೆಗೆ ತಾತನಿಗೆ ಎರಡು ಸಲ ಬಡಿಸಿ ಮುಂದೆ ಹೋಗಿಬಿಡುತ್ತಿದ್ದರು, ಬಡಿಸದಿದ್ದರೆ ತಾತ ಬೇಸರಪಟ್ಟು ಏಳುತ್ತಿದ್ದ, ಜೊತೆಗೆ ಪಂಕ್ತಿಯೂ. ಅಪ್ಪ ಹಾಗೆ ಬಿಡುವವರೇ? ತಾತ ಇನ್ನೊಂದು ಎಂದ, ಹಾಕಿದೆ. ಇನ್ನೊಂದು ಎಂದ, ಹಾಕಿದೆ. ಮುದ್ದೆ ಬರುಬರುತ್ತ ಗಾಳಿಯಲ್ಲಿ ನಿಧಾನವಾಯಿತು. ಆಮೇಲೆ ಗಾಳಿಯಲ್ಲೇ ನಿಂತಿತು. ಕಂಪ್ಯೂಟರು ಗೊರಗೊರ ಎಂದು ಸತ್ತಿತು.

ಕಾರಣ ಹುಡುಕಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಿಂದ ಮುದ್ದೆಗಳು ಹೋಗಿಯೇ ಇರಲಿಲ್ಲ! ಕಣ್ಣಿಗೆ ಕಾಣದಂತೆ ಮರೆಯಾಗಿ ಎಲೆಯ ಮೇಲೇ ಕೂತಿದ್ದವು, ಒಂದೊಂದರ ಮೇಲೂ ನನ್ನ ಹಬೆ ಆಡುತ್ತಲೇ ಇತ್ತು. ಕಾಣದ ಹಬೆಯನ್ನೆಲ್ಲ ಆಡಿಸಿ ಆಡಿಸಿ ಕಂಪ್ಯೂಟರಿನ ಪ್ರಾಣ ಹೋಗುತ್ತಿತ್ತು.

“ತಿಂದ್ ಮುದ್ದೆನ ಆಗ್ಲೇ ಯಾಕೋ ತೆಗ್ದಿಲ್ಲ?” ಎಂದೆ, ಬಸ್ ಸ್ಟ್ಯಾಂಡಿಗೆ ಬಂದು ವಡೆಯ ಪೊಟ್ಟಣ ಬಿಚ್ಚುತ್ತ.

“ಉಣ್ತಾ ಕೂತಿರೋರ್ ಎಲೆಗೆ ಕೈ ಆಕ್ತಾರಾ? ಪಂಕ್ತಿ ಎದ್ ಮ್ಯಾಲೆ ಎಲ್ಲಾ ಒಟ್ಗೆ ತೆಗಿಯೋದು,” ಎಂದ, ನನಗೇ ಬುದ್ಧಿ ಇಲ್ಲವೆಂಬಂತೆ.

ಕೋಡು ಬರೆಯುವಾಗಲೂ ಸಂಪ್ರದಾಯ ಬಿಡದ ಆ ಮುಖ ನೋಡಿ ನನಗೆ ಅವನ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಪ್ರೀತಿ ಉಕ್ಕಿತು, ಅದರ ಹಿಂದೆಯೇ ಅಷ್ಟೇ ಸಿಟ್ಟು.

“ಅಂಗಾದ್ರೆ ತಾತನ್ನ ಎಬ್ಸು. ನಾಕೈದ್ ಮುದ್ದೆ ಆದ್ಮೇಲೆ ಸಾಕು ಅನ್ಲಿ.”

ಅವನು ಕೈಯಲ್ಲಿದ್ದ ವಡೆಯನ್ನು ಪೊಟ್ಟಣಕ್ಕೇ ವಾಪಸ್ಸು ಇಟ್ಟ. ಆಮೇಲೆ ಹೇಳಿದ, “ಬದ್ಕಿರೋಗಂಟ ನಮ್ ತಾತ ಸಾಕು ಅಂದೋರಲ್ಲ. ಸತ್ ಮ್ಯಾಲೆ ನಾನು ಅನ್ನುಸ್ಲಾ?”

“ಭಾನ್ವಾರ ಅಪ್ಪನ ಮುಂದೆ ಅದು ನಿಂತೋದ್ರೆ ನಿನ್ ಜೊತೆಗೆ ನನ್ನೂ ಪಂಕ್ತಿಯಿಂದ ಎಬ್ಬುಸ್ತಾರೆ, ಅದು ಗೊತ್ತಾ?” ಎಂದೆ. ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಅಂದದ್ದು ಅದೇ ಮೊದಲು. ಬಸ್ ಸ್ಟ್ಯಾಂಡಿನಲ್ಲಿ, ಜಗಳದಲ್ಲಿ, ಬಾಯಲ್ಲಿ ವಡೆ ಇಟ್ಟುಕೊಂಡು. ಅವನು ಕೆಂಪಗಾದ. ಆವತ್ತು ಇಬ್ಬರೂ ಮೊದಲು ಬಂದ ಬಸ್ಸಿಗೇ ಹತ್ತಿಬಿಟ್ಟೆವು. ನನ್ನ ಬಸ್ಸು ನಿಜಕ್ಕೂ ರಶ್ಶಿತ್ತು. ಕಂಬಿ ಹಿಡಿದು ನಿಂತು ಮಂಡ್ಯದವರೆಗೂ ಅವನನ್ನು ಬೈದುಕೊಂಡೆ, ಎಲ್ಲಿ ಬರದೇ ಹೋಗುತ್ತಾನೋ ಎಂದು ಹೆದರಿಕೊಂಡೆ.

ಭಾನುವಾರ ಬಂದ. ಫ್ಲಾಪಿಯನ್ನು ಎಣ್ಣೆಗೂ ಬಿಸಿಲಿಗೂ ಸಿಗದಂತೆ ಸ್ಟೀಲಿನ ಟಿಫನ್ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದ. ಡಬ್ಬಿ ನೋಡಿದ ಅವ್ವ ಏನೋ ತಿಂಡಿ ತಂದಿದ್ದಾನೆ ಎಂದು ಈಸಿಕೊಂಡು ಅಡುಗೆಮನೆಗೆ ಹೋಗಿ, ಮುಚ್ಚಳ ತೆಗೆದು, ಹಾಗೇ ವಾಪಸ್ಸು ತಂದುಕೊಟ್ಟರು. ನಾನು ಅವನತ್ತ ಹುಬ್ಬು ಹಾರಿಸಿದೆ, ತಾತನ್ನ ಏನು ಮಾಡಿದೆ ಎಂದು. ಅವನು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ.

ಅಪ್ಪ ಟವೆಲು ಸೊಂಟಕ್ಕೆ ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಆಟ ಶುರುವಾಯಿತು. ವಾಲಗದ ಸದ್ದೇ ಇಲ್ಲ! ಇನ್ನೂ ಏನೇನು ಕೆಡಿಸಿದ್ದಾನೋ ಎಂದುಕೊಂಡೆ. ಮೊದಲನೆಯ ಪಂಕ್ತಿ ಎದ್ದಿತು. ಅಪ್ಪ ಮೌಸಿನಲ್ಲೂ ಸಾರು ಚೆಲ್ಲಲಿಲ್ಲ. ಎರಡನೆಯ ಪಂಕ್ತಿ ಕೂತಿತು, ನಡುವೆ ತಾತ.

“ನೋಡವ್ವ, ಇವ್ರು ಉಣ್ಣೋರು!” ಎಂದರು ಅಪ್ಪ. ಕಣ್ಣು ಅರಳಿಬಿಟ್ಟಿತು. ಬಡಿಸಿದರು, ಬಡಿಸಿದರು, ಮತ್ತೆ ಬಡಿಸಿದರು. ಕಂಪ್ಯೂಟರಿನ ಫ್ಯಾನು ಗಿರಣಿಯಂತೆ ಕೂಗತೊಡಗಿತು. ಮುದ್ದೆ ನಿಧಾನವಾಗಿ ಇಳಿಯತೊಡಗಿತು. ನಾನು ಕಣ್ಣು ಮುಚ್ಚಿದೆ.

ಆಗ ಕಂಪ್ಯೂಟರಿನೊಳಗಿಂದ ಒಂದು ದೊಡ್ಡ ತೇಗು ಕೇಳಿತು. ಅದರ ಹಿಂದೆ ಅವನದೇ ಗಂಟಲು, ಮುದುಕರಂತೆ ಒಡೆಸಿಕೊಂಡು ಹೇಳಿದ ಮಾತು: “ಸಾಕ್ ಕಣ್ಲಾ ಮಗಾ.”

ಕಣ್ಣು ಬಿಟ್ಟೆ. ತಾತ ಎಲೆಯನ್ನು ತನ್ನ ಕಡೆಗೆ ಮಡಿಸಿದ. ಇಡೀ ಪಂಕ್ತಿ ಎದ್ದಿತು, ಎಲೆಗಳು ಹೋದವು, ಕಾಣದ ಮುದ್ದೆಗಳೂ ಹೋದವು. ಫ್ಯಾನಿನ ಕೂಗು ತಣ್ಣಗಾಗಿ ಮೂರನೆಯ ಪಂಕ್ತಿ ಸರಸರ ಬಂದು ಕೂತಿತು. ನನ್ನ ವಾಲಗ ತೆಗೆದು ಆ ಒಂದು ಮಾತಿಗೆ ಜಾಗ ಮಾಡಿದ್ದ. ಯಾವತ್ತೂ ಅನ್ನದ ಮಾತನ್ನು ತಾತನ ಬಾಯಲ್ಲಿ ಅನ್ನಿಸಿದ್ದ, ನನಗೋಸ್ಕರ. ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದರು. ನನಗೂ ನಗು ಬಂತು, ಅದರ ಜೊತೆಗೆ ಕಣ್ಣೀರೂ ಬಂತು, ಸೆರಗಿಲ್ಲದ ಚೂಡಿದಾರದ ವೇಲಿನಲ್ಲಿ ಎರಡನ್ನೂ ಒರೆಸಿಕೊಂಡೆ.

ಆಟ ಕೊನೆಯವರೆಗೂ ಓಡಿತು. ಅಪ್ಪ ಎದ್ದರು, ಒಳ್ಳೆಯದು ಎನ್ನಲಿಲ್ಲ, ಕೆಟ್ಟದು ಎನ್ನಲಿಲ್ಲ. “ಏಳಪ್ಪ, ಊಟ ಮಾಡನ,” ಎಂದಷ್ಟೇ ಹೇಳಿದರು. ಅವನನ್ನು ಎಲೆಯ ಮುಂದೆ ಕೂರಿಸಿ ತಾವು ಬಡಿಸಲು ನಿಂತರು.

ಅವನು ಮುದ್ದೆ ಅಗಿಯಲಿಲ್ಲ. ಮೊದಲನೆಯದು ಮುಗಿಯಿತು, ಅಪ್ಪ ಇನ್ನೊಂದು ಇಳಿಸಿದರು. ಅದೂ ಮುಗಿಯಿತು. ಇನ್ನೊಂದು. ಅವನ ಹಣೆಯಲ್ಲಿ ಬೆವರು, ಕಿವಿ ಕೆಂಪು. ತಾತನ ಬಾಯಲ್ಲಿ ಅನ್ನಿಸಿದ್ದನ್ನು ತಾನು ಅನ್ನುವುದಿಲ್ಲ ಎಂದು ಹಟ ಹಿಡಿದವನಂತೆ ಉಣ್ಣುತ್ತಿದ್ದ. ಸಾಕು ಅನ್ನೋ ಮಾರಾಯ ಎಂದು ನಾನು ಬಾಗಿಲ ಮರೆಯಿಂದ ಕಣ್ಣಿನಲ್ಲೇ ಬೇಡಿಕೊಂಡೆ. ಅವ್ವ ಬಂದು ಮುದ್ದೆಯ ಪಾತ್ರೆ ಬಗ್ಗಿಸಿ ತೋರಿಸಿದರು, ತಳ ಕಾಣುತ್ತಿತ್ತು.

ಅಪ್ಪ ಪಾತ್ರೆ ನೋಡಿದರು. ಅವನನ್ನು ನೋಡಿದರು. ಸೊಂಟದ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

“ಲೇ ಇವ್ಳೇ, ಈ ಹೈದ ಏಳೋ ಪೈಕಿ ಅಲ್ಲ ಕಣೇ,” ಎಂದರು ಅವ್ವನಿಗೆ. “ಇವ್ನ ನಮ್ಮನೇಲೇ ಇಟ್ಕಳನ ಬುಡು.”

ಆಗ ಅವನು ಎಲೆ ಮಡಿಸಿದ.