ಗ್ಯಾರೇಜಿನಲ್ಲಿಟ್ಟ ಜಿಂಕೆ

ಜಿಂಕೆಯ ಹೊಟ್ಟೆ ಸೀಳಿ ಶುಚಿ ಮಾಡುವುದನ್ನು ಕಲಿತಾಗ ನನಗೆ ನಲವತ್ತೊಂದು ವರ್ಷ. ಮೊಟ್ಟೆ ಹಾಕಿದ ಕೇಕನ್ನೂ ಅಮ್ಮನ ಕಣ್ಣು ತಪ್ಪಿಸಿ ತಿನ್ನಬೇಕಾದ ಮನೆಯಲ್ಲಿ ಹುಟ್ಟಿದವನು ನಾನು. ಬೇಟೆಯ ಹುಚ್ಚಿನಿಂದೇನೂ ಕಲಿಯಲಿಲ್ಲ. ಒಬ್ಬರಿಗೆ ‘ಆಗೋಲ್ಲ’ ಅನ್ನುವುದಕ್ಕೆ ಬಾಯಿ ಬರಲಿಲ್ಲ, ಅಷ್ಟೇ. ಯಾಕೆ ಬರಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುವವರಿಗೆ ನಾನು ಏನೋ ದೊಡ್ಡ ಉಪಕಾರಿಯ ಹಾಗೆ ಕಂಡೇನು.

ರಿಸೆಷನ್ನಿನ ಮೊದಲ ವರ್ಷ. ಟ್ರಾಯ್ ಅನ್ನುವ ಊರಿನಲ್ಲಿ ಕಾರಿನ ಸೀಟುಗಳಿಗೆ ಚೌಕಟ್ಟು ಮಾಡುವ ಒಂದು ಕಂಪನಿಯಲ್ಲಿ ನಾನು ಇಂಜಿನಿಯರ್. ಕಾರು ಕೊಳ್ಳುವವರೇ ಇಲ್ಲದ ಮೇಲೆ ಸೀಟು ಯಾರಿಗೆ ಬೇಕು? ನಮ್ಮ ಪಾರ್ಕಿಂಗ್ ಲಾಟ್‌ನಲ್ಲಿ ವಾರ ವಾರಕ್ಕೂ ಖಾಲಿ ಜಾಗ ಹೆಚ್ಚುತ್ತಿತ್ತು. ಸೆಪ್ಟೆಂಬರಿನ ಒಂದು ಸೋಮವಾರ ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದ. ಅಚ್ಚುಗಳನ್ನು ತಯಾರಿಸಿ ರಿಪೇರಿ ಮಾಡುವ ಟೂಲ್‌ರೂಮಿನಲ್ಲಿ ಐದು ಜನ ಇದ್ದಾರೆ, ಮೂರು ಜನ ಸಾಕು, ಯಾವ ಇಬ್ಬರು ಇಲ್ಲದಿದ್ದರೂ ಕೆಲಸ ನಡೆಯುತ್ತದೆ ಅಂತ ಬರೆದುಕೊಡು ಎಂದ. ಯಾರಿಗೂ ತಿಳಿಯಬಾರದು ಅಂತಲೂ ಹೇಳಿದ. ನಾನು ಅವತ್ತೇ ಬರೆದುಕೊಟ್ಟೆ.

ಅದರಲ್ಲಿ ಎರಡನೇ ಹೆಸರು ಅಲ್ಲಿನ ಎಲ್ಲರಿಗಿಂತ ಹಿರಿಯರದು. ವಯಸ್ಸು ಅರವತ್ತು ದಾಟಿತ್ತು, ಬಲಭುಜ ಸವೆದುಹೋಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಡ್ರಾಯಿಂಗುಗಳಲ್ಲಿದ್ದ ತಪ್ಪುಗಳನ್ನು ಯಾರಿಗೂ ಹೇಳದೆ ತಿದ್ದಿಕೊಟ್ಟವರು ಅವರೇ. ನನ್ನ ಮನಸ್ಸಿನಲ್ಲಿ ಅವರಿಗೆ ಯಜಮಾನರು ಅಂತ ಹೆಸರು. ಅವರ ಕೆಲಸವನ್ನು ಹೊರಗೆ ಕೊಟ್ಟು ಮಾಡಿಸಬಹುದು ಅಂತ ಕಾರಣ ಬರೆದೆ. ನಿಜವಾದ ಕಾರಣ ಬೇರೆ. ಉಳಿದವರು ಕೂಗಾಡುವವರು, ಇವರು ಕೂಗಾಡುವವರಲ್ಲ. ಜೊತೆಗೆ ನನ್ನ ಗ್ರೀನ್ ಕಾರ್ಡ್ ಅರ್ಜಿ ಅರ್ಧದಲ್ಲಿ ನಿಂತಿತ್ತು. ಪಟ್ಟಿ ಬರೆಯುವವನ ಹೆಸರು ಸದ್ಯಕ್ಕೆ ಪಟ್ಟಿಯಲ್ಲಿ ಬರುವುದಿಲ್ಲ ಅನ್ನುವ ಧೈರ್ಯ ನನ್ನದು. ಮೂರು ವಾರ ಕಳೆದ ಮೇಲೆ ಅವರನ್ನು ಮನೆಗೆ ಕಳಿಸಿದರು. ಹೋಗುವಾಗ ರಟ್ಟಿನ ಡಬ್ಬವನ್ನು ಕೆಳಗಿಟ್ಟು ನನ್ನ ಕೈ ಕುಲುಕಿ ಹೋದರು.

ನವೆಂಬರಿನಲ್ಲಿ ಅವರದೇ ಫೋನ್ ಬಂತು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಶನಿವಾರ ಹದಿನೈದನೇ ತಾರೀಕು, ಜಿಂಕೆ ಸೀಸನ್ ಶುರು. ಜೊತೆಗೆ ಬರ್ತಿದ್ದ ಅಳಿಯ ಬೆನ್ನು ಹಿಡ್ಕೊಂಡು ಮಲಗಿದಾನೆ. ಹೊಡೆಯೋದು ನಾನು ಹೊಡೀತೀನಿ, ಆದರೆ ಈ ಭುಜದಲ್ಲಿ ಅದನ್ನ ಎಳೆದು ತರೋಕಾಗಲ್ಲ. ಬರ್ತೀಯಾ?” ಮಗಳ ಸಂಸಾರ ಸಾಮಾನು ಸಮೇತ ಅವರ ಮನೆಗೇ ಬಂದು ಸೇರಿತ್ತು. ಊಟಕ್ಕೆ ಏಳು ಜನ. “ಈ ಸಲ ಮೋಜಿಗಲ್ಲಪ್ಪ. ವಸಂತ ಬರೋತನಕ ಮನೆಗೆ ಮಾಂಸ ಅಂದ್ರೆ ಅದೇ” ಅಂದರು. ನಾನು ಖಂಡಿತ ಬರ್ತೀನಿ ಅಂದೆ. ಫೋನ್ ಇಟ್ಟ ಮೇಲೆ ಮನಸ್ಸಿಗೆ ಎಷ್ಟು ಹಗುರಾಯಿತು ಅಂದರೆ, ನನಗೇ ನಾಚಿಕೆಯಾಯಿತು. ಅವರ ಅನ್ನ ಕಿತ್ತುಕೊಂಡ ತಪ್ಪಿಗೆ ಇಷ್ಟಾದರೂ ಮಾಡಿದಂತಾಯಿತು ಅಂದುಕೊಂಡೆ. ಸಾಧ್ಯವಾದರೆ ಕಾಡಿನಲ್ಲೇ ಪಟ್ಟಿಯ ವಿಷಯವನ್ನೂ ಹೇಳಿಬಿಡಬೇಕು ಅಂತಲೂ ಇತ್ತು.

ಹೆಂಡತಿ ಆಗ ಐದು ಗಂಟೆ ದಾರಿಯ ನೇಪರ್‌ವಿಲ್‌ನಲ್ಲಿ ಒಂದು ಪ್ರಾಜೆಕ್ಟ್ ಹಿಡಿದು ಅಲ್ಲೇ ಬಾಡಿಗೆಗಿದ್ದಳು. ಟ್ರಾಯ್ ಮನೆಯಲ್ಲಿ ನಾನು, ಮತ್ತು ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮ. ಅಮ್ಮನಿಗೆ ಆಫೀಸ್ ಕೆಲಸ ಅಂತ ಹೇಳಿ ಬೆಳಗ್ಗೆ ಐದಕ್ಕೇ ಹೊರಟೆ. ಅವಳು ಚಿತ್ರಾನ್ನದ ಡಬ್ಬಿ ಕಟ್ಟಿಕೊಟ್ಟಳು.

ಉತ್ತರಕ್ಕೆ ಒಂದು ಗಂಟೆ ಡ್ರೈವ್ ಮಾಡಿದರೆ ಯಜಮಾನರ ಸ್ನೇಹಿತರೊಬ್ಬರ ಜಮೀನು, ಅದರಂಚಿಗೆ ಕಾಡು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಇಪ್ಪತ್ತೆಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡು ಮೂರು ಗಂಟೆ ಮಾತಿಲ್ಲದೆ ಕೂತೆವು. ಒಂಬತ್ತೂವರೆಗೆ ಅವರು ಒಂದೇ ಒಂದು ಗುಂಡು ಹೊಡೆದರು. ತಕ್ಷಣ ಓಡಬಾರದು, ಅರ್ಧ ಗಂಟೆ ಅದರ ಪಾಡಿಗೆ ಬಿಡಬೇಕು ಅಂದರು. ಆ ಅರ್ಧ ಗಂಟೆಯಲ್ಲಿ ಪಟ್ಟಿಯ ವಿಷಯ ಹೇಳಬಹುದಿತ್ತು. ಫ್ಲಾಸ್ಕಿನ ಕಾಫಿ ಕುಡಿದೆ.

ಜಿಂಕೆ ಎಂಬತ್ತು ಹೆಜ್ಜೆ ಆಚೆ ಎಲೆಗಳ ಮೇಲೆ ಬಿದ್ದಿತ್ತು. ಕಡ್ಡಿಯಿಂದ ಕಣ್ಣು ಮುಟ್ಟಿ ನೋಡಿದರು, ರೆಪ್ಪೆ ಅಲುಗಲಿಲ್ಲ. ಮೊದಲು ಕೊಂಬಿಗೆ ಬೇಟೆಯ ಪರವಾನಗಿಯ ಟ್ಯಾಗ್ ಕಟ್ಟಿದರು. ಒಂದು ಟ್ಯಾಗಿಗೆ ಒಂದೇ ಜಿಂಕೆ, ಅವರ ಹತ್ತಿರ ಇದ್ದದ್ದೂ ಒಂದೇ. ಆಮೇಲೆ ಅದನ್ನು ಅಂಗಾತ ಮಲಗಿಸಿ ಹಿಂಗಾಲುಗಳನ್ನು ಅಗಲಿಸಿ ಹಿಡಿಯಲು ನನಗೆ ಹೇಳಿದರು. ಹೊಟ್ಟೆಯ ಕೆಳಗಡೆ ಚರ್ಮವನ್ನು ಮಾತ್ರ ಚೂರು ಕೊಯ್ದು, ಎಡಗೈಯ ಎರಡು ಬೆರಳು ಒಳಗೆ ತೂರಿಸಿ ಚರ್ಮ ಎತ್ತಿ ಹಿಡಿದರು. ಆ ಬೆರಳುಗಳ ನಡುವೆ ಚಾಕುವಿನ ಅಲಗು ಮೇಲ್ಮುಖವಾಗಿ ಓಡಬೇಕು. ಅಲಗು ಕೆಳಗೆ ತಿರುಗಿದರೆ ಜಠರ ಒಡೆಯುತ್ತದೆ, ಒಡೆದರೆ ಒಳಗಿನ ಹೊಲಸೆಲ್ಲ ಮಾಂಸಕ್ಕೆ. ಹೊಟ್ಟೆ ಜಿಪ್ ತೆಗೆದಷ್ಟು ಸಲೀಸಾಗಿ ಬಿಚ್ಚಿಕೊಂಡಿತು. ನಾನು ಕಣ್ಣು ಮುಚ್ಚಿದ್ದು ಅವರಿಗೆ ಕಂಡಿರಬೇಕು.

ಗಂಟಲಿನ ಕೊಳವೆ ಕತ್ತರಿಸುವುದಕ್ಕೆ ಎದೆಗೂಡಿನೊಳಗೆ ಭುಜದ ಹತ್ತಿರದವರೆಗೂ ತೋಳು ಹಾಕಬೇಕು. ಅವರ ಭುಜ ಅಷ್ಟು ಏಳುತ್ತಿರಲಿಲ್ಲ. ಚಾಕು ನನ್ನ ಕೈಗೆ ಬಂತು. “ಕಣ್ಣಿಗೆ ಕಾಣೋದಿಲ್ಲ, ಕೈಗೆ ಗೊತ್ತಾಗುತ್ತೆ. ಗಟ್ಟಿ ಪೈಪ್ ಸಿಕ್ಕಿದ ಕೂಡಲೆ ಹೇಳು.” ಜಾಕೆಟ್ಟಿನ ತೋಳು ಮೇಲೇರಿಸಿ ಕೈ ಒಳಗೆ ಹಾಕಿದೆ. ಎಷ್ಟು ಬಿಸಿ! ಬೆಳಗಿನಿಂದ ಮರಗಟ್ಟಿದ್ದ ಬೆರಳುಗಳಿಗೆ ಹಿತವಾಗಿತ್ತು. ಅಸಹ್ಯವಾಗಿದ್ದರೆ ಸಮಾಧಾನ ಇರುತ್ತಿತ್ತೇನೋ, ಆ ಹಿತಕ್ಕೆ ನಾನು ಹೆದರಿದೆ. ಕೊಳವೆ ಸಿಕ್ಕಿತು, ಕತ್ತರಿಸಿದೆ, ಇಬ್ಬರೂ ಸೇರಿ ಎಳೆದೆವು, ಒಳಗಿದ್ದದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಯಜಮಾನರು ಒಂದು ಕಡ್ಡಿ ಮುರಿದು ಪಕ್ಕೆಲುಬುಗಳ ನಡುವೆ ಆನಿಸಿ ಗೂಡನ್ನು ತೆರೆದಿಟ್ಟರು. ಗಾಳಿಯಾಡಬೇಕು ಅಂದರು. “ಒಂದು ಮಾತು ನೆನಪಿಟ್ಟುಕೋ. ಗುಂಡು ತಗುಲಿದ ಮೇಲೆ ಶಾಖವೇ ಶತ್ರು. ಬೇಗ ತಣ್ಣಗಾಗಬೇಕು, ತಣ್ಣಗೇ ಇರಬೇಕು.”

ಜಮೀನಿನ ಶೆಡ್ಡಿನಲ್ಲಿ ಚರ್ಮ ಸುಲಿದು ನಾಲ್ಕು ಭಾಗ ಮಾಡಿ ತೆಳು ಬಟ್ಟೆಯ ಚೀಲಗಳಿಗೆ ಹಾಕಿದರು. ಮಾಂಸ ಮೆತ್ತಗಾಗಲು ಒಂದು ವಾರ ಚಳಿಯಲ್ಲಿ ಇರಬೇಕಂತೆ. ಶೆಡ್ಡಿಗೆ ಬಾಗಿಲಿರಲಿಲ್ಲ, ನರಿ ನಾಯಿ ನುಗ್ಗುತ್ತವೆ. ಅವರ ಗ್ಯಾರೇಜಿನಲ್ಲಿ ಸೂರಿನತನಕ ಮಗಳ ಸೋಫಾ, ಮಂಚ. “ನಿನ್ನ ಗ್ಯಾರೇಜಿನಲ್ಲಿ ಇಡೋಣವಾ? ಮುಂದಿನ ಶನಿವಾರ ಬಂದು ತಗೊಂಡು ಹೋಗ್ತೀನಿ. ಮುಚ್ಚಬೇಡ, ಪ್ಲಾಸ್ಟಿಕ್ ಸುತ್ತಬೇಡ, ಅಷ್ಟೇ.” ನಮ್ಮ ಮನೆಯಲ್ಲಿ ಮಾಂಸ ಹೊಸಿಲು ದಾಟುವಂತಿಲ್ಲ, ಅಮ್ಮ ಇದ್ದಾಳೆ ಅಂತ ಹೇಳಬೇಕಿತ್ತು. ಅದಕ್ಕೇನಂತೆ, ಧಾರಾಳವಾಗಿ ಅಂದೆ.

ಅಮ್ಮ ಮಧ್ಯಾಹ್ನ ಮಲಗಿದ್ದಾಗ ಯಜಮಾನರು ಎರಡು ದೊಡ್ಡ ಪ್ಲಾಸ್ಟಿಕ್ ತೊಟ್ಟಿಗಳಲ್ಲಿ ಚೀಲಗಳನ್ನಿಟ್ಟು ಹೋದರು. ಅವರ ಪಿಕಪ್ ತಿರುವು ದಾಟಿತೋ ಇಲ್ಲವೋ, ನನಗೆ ಯೋಚನೆ ಶುರುವಾಯಿತು. ವಾಸನೆ ಅಡುಗೆಮನೆಗೆ ಬಂದರೆ? ಚೀಲದಿಂದ ರಕ್ತ ಜಿನುಗಿದರೆ? ಕಸದ ಕಪ್ಪು ಚೀಲಗಳನ್ನು ತಂದು ಒಂದೊಂದಕ್ಕೂ ಎರಡೆರಡು ಸುತ್ತು ಸುತ್ತಿದೆ, ತೊಟ್ಟಿಗೆ ಮುಚ್ಚಳ ಒತ್ತಿ ಹಾಕಿದೆ, ಮೇಲೆ ಎರಡು ಹಳೆಯ ಕಂಬಳಿ ಹೊದೆಸಿದೆ. ಮಾಡಬೇಡ ಅಂದಿದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದೆ. ಹೊರಗೆ ಈ ಪಾಟಿ ಚಳಿ ಇದೆಯಲ್ಲ, ಏನಾಗುತ್ತದೆ ಅನ್ನುವ ಭಂಡ ಧೈರ್ಯ.

ಸಂಜೆ ಅಮ್ಮ ನೋಡಿಯೇಬಿಟ್ಟಳು. “ಏನೋ ಅದು, ಕಂಬಳಿ ಹೊದ್ದಿಸಿ ಮಲಗ್ಸಿದೀಯ?”

“ಆಫೀಸಿನ ಪಾರ್ಟ್ಸ್ ಅಮ್ಮ, ತುಕ್ಕು ಹಿಡಿಯುತ್ತೆ ಅಂತ. ಮುಟ್ಟಬೇಡ.”

“ಮಡೀಲಿ ನಾನ್ಯಾಕೆ ಅದನ್ನೆಲ್ಲ ಮುಟ್ಟಲಿ?”

ಈ ಮಡಿಯ ಕಥೆಯನ್ನೂ ಹೇಳಬೇಕು. ಪೂಜೆಗೆ, ಅಡುಗೆಗೆ ಅಮ್ಮ ಉಡುವ ಸೀರೆಯನ್ನು ಅವಳೇ ಒಗೆದು, ಯಾರೂ ಮುಟ್ಟದ ಕಡೆ ಒಣಹಾಕಬೇಕು. ಮನೆಯವರ ಕೊಳೆಬಟ್ಟೆಯೆಲ್ಲ ಹೊರಳಾಡಿದ ಡ್ರೈಯರ್‌ಗೆ ಅದನ್ನು ಹಾಕುವಂತಿಲ್ಲ. ಬೇಸಿಗೆಯಲ್ಲಿ ಹಿತ್ತಲಿನ ಮರದ ಜಗಲಿ ಮೇಲೆ ಹಗ್ಗ ಕಟ್ಟಿದ್ದಳು. ಬಟ್ಟೆ ಹೊರಗೆ ಕಾಣುವಂತೆ ಒಣಹಾಕಬಾರದು ಅಂತ ನಮ್ಮ ಬಡಾವಣೆಯ ಸಂಘದವರು ಕಾಗದ ಕಳಿಸಿದರು. ಅಂದಿನಿಂದ ಹಗ್ಗ ಗ್ಯಾರೇಜಿಗೆ ಬಂದಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಚಳಿಗೆ ಸೀರೆ ಒಣಗದೆ, ನಾನು ಆಫೀಸಿಗೆ ಹೋದ ಮೇಲೆ ಬೇಸ್‌ಮೆಂಟಿನ ಕರೆಂಟ್ ಹೀಟರನ್ನು ಅಲ್ಲಿ ತಂದಿಟ್ಟು ಸಂಜೆಯವರೆಗೂ ಉರಿಸುತ್ತಿದ್ದಳು, ಬಿಲ್ ಬಗ್ಗೆ ನಾನು ಗೊಣಗುತ್ತೇನೆ ಅಂತ ನಾನು ಬರುವ ಮುಂಚೆ ವಾಪಸ್ ಕೆಳಗೆ ಇಡುತ್ತಿದ್ದಳು ಅನ್ನುವುದು ಗೊತ್ತಿರಲಿಲ್ಲ. ಆ ವಾರವೆಲ್ಲ ನಾನು ಗ್ಯಾರೇಜಿನ ಬಾಗಿಲು ಕೆಟ್ಟಿದೆ ಅಂತ ಕಾರನ್ನು ಹೊರಗೇ ನಿಲ್ಲಿಸುತ್ತಿದ್ದೆ. ಒಮ್ಮೆಯೂ ಒಳಗೆ ಇಣುಕಿ ನೋಡಲಿಲ್ಲ. ನೋಡಲು ಇಷ್ಟವಿರಲಿಲ್ಲ.

ಶನಿವಾರ ಬೆಳಗ್ಗೆ ಹತ್ತಕ್ಕೆ ಯಜಮಾನರು ಬಂದರು. ನಾನು ಒಳಗಿನಿಂದ ಗುಂಡಿ ಒತ್ತಿ ದೊಡ್ಡ ಬಾಗಿಲು ಎತ್ತಿದೆ. ಆವತ್ತು ನಾನು ಮನೆಯಲ್ಲೇ ಇರುವ ದಿನ ಅನ್ನುವುದನ್ನು ಅಮ್ಮ ಮರೆತಿದ್ದಳೋ, ಒಣಗದ ಸೀರೆಗಾಗಿ ಧೈರ್ಯ ಮಾಡಿದ್ದಳೋ, ಅಂತೂ ಹೀಟರ್ ಉರಿಯುತ್ತಿತ್ತು. ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ಯಜಮಾನರು ಹೀಟರ್ ನೋಡಿದರು, ಕಂಬಳಿ ನೋಡಿದರು. ಮುಚ್ಚಳ ತೆಗೆದ ಮೇಲೆ ನೋಡುವುದಕ್ಕೆ ಏನೂ ಉಳಿದಿರಲಿಲ್ಲ, ನಾತವೇ ಎಲ್ಲ ಹೇಳಿತು. ಆದರೂ ನಾಲ್ಕೂ ಚೀಲ ಬಿಚ್ಚಿದರು. ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಮೂಳೆಯ ಹತ್ತಿರ ಮೂಸಿ ನೋಡಿದರು. ಒಂದಾದರೂ ಉಳಿದಿದ್ದೀತು ಅಂತ ಹುಡುಕುತ್ತಿದ್ದರು.

“ಕಂಬಳಿ ಯಾಕೆ?” ಅಂದರು. ಅಮ್ಮ, ಮಡಿ, ನಮ್ಮ ಮನೆಯ ಪದ್ಧತಿ, ಎಲ್ಲ ತಡವರಿಸುತ್ತಾ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. “ತಪ್ಪು ನನ್ನದು. ನಿಮ್ಮನೆಯಲ್ಲಿ ಇಡಬಹುದಾ ಅಂತ ಸರಿಯಾಗಿ ವಿಚಾರಿಸಬೇಕಿತ್ತು.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾತಕ್ಕೆ ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು, ಸೆರಗು ಮೂಗಿಗೆ. ಇನ್ನು ಮುಚ್ಚಿಡುವುದಕ್ಕೆ ಏನಿತ್ತು? ಹೇಳಿದೆ. ಅವಳು ಅಯ್ಯೋ ಎನ್ನಲಿಲ್ಲ, ಮಡಿ ಕೆಟ್ಟಿತು ಅನ್ನಲಿಲ್ಲ. “ಏಳು ಜನದ ಊಟ ಅಂತೀಯ. ಒಂದು ಮಾತು ನಂಗೆ ಹೇಳಿದ್ರೆ ಸೀರೆ ಬಚ್ಚಲಲ್ಲಿ ಒಣಹಾಕ್ಕೋತಿದ್ನಲ್ಲೋ. ಅವರು ತಿನ್ನೋದು ಅವರು ತಿಂತಾರೆ, ನಂಗೇನು?” ಹೀಟರ್ ಆರಿಸಿ ಒಳಗೆ ಹೋದಳು.

ತೊಟ್ಟಿಗಳನ್ನು ಪಿಕಪ್‌ಗೆ ಏರಿಸಿದೆವು. ಅಂಗಡಿಯಿಂದ ಅಷ್ಟೂ ಮಾಂಸ ಕೊಂಡುಕೊಡುತ್ತೇನೆ ಅಂದೆ. ಬೇಡ ಅಂತ ಕೈಯಾಡಿಸಿದರು. ಆಗ, ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ ಅನ್ನಿಸಿದ್ದಕ್ಕೋ ಏನೋ, ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದವನು ನಾನೇ ಅಂದುಬಿಟ್ಟೆ.

ಅವರಿಗೆ ಆಶ್ಚರ್ಯವಾಗಲಿಲ್ಲ. “ಯಾರೋ ಒಬ್ಬರು ಬರೀಲೇಬೇಕಿತ್ತಲ್ಲ” ಅಂದರು. ಆಮೇಲೆ, “ಯಾವತ್ತು ಬರೆದೆ?”

ಸೆಪ್ಟೆಂಬರಿನ ಆ ಸೋಮವಾರ ಯಾವುದೆಂದು ಹೇಳಿದೆ. ಅವರು ಪಿಕಪ್‌ನ ಹಿಂಬಾಗಿಲಿನ ಮೇಲೆ ಕೈಯಿಟ್ಟುಕೊಂಡು ದಿನ ಎಣಿಸಿದರು.

ಮೊದಲೇ ಹೇಳಿಬಿಡುತ್ತೇನೆ ಅಂದಿದ್ದೆ, ಎಲ್ಲವನ್ನೂ ಹೇಳಿರಲಿಲ್ಲ. ಪಟ್ಟಿ ಬರೆದುಕೊಟ್ಟ ವಾರದಲ್ಲೇ, ಗುರುವಾರ ಮಧ್ಯಾಹ್ನ ನಾವಿಬ್ಬರೂ ಒಂದೇ ಟೇಬಲ್‌ನಲ್ಲಿ ಊಟಕ್ಕೆ ಕೂತಿದ್ದಾಗ ಅವರ ತಮ್ಮನ ಫೋನ್ ಬಂದಿತ್ತು. ಫ್ಲಿಂಟ್ ಹತ್ತಿರದ ತಮ್ಮನ ವರ್ಕ್‌ಶಾಪಿನಲ್ಲಿ ಒಬ್ಬರಿಗೆ ಕೆಲಸವಿದೆ, ಅಣ್ಣ ಬರುವುದಾದರೆ ಅಣ್ಣನಿಗೇ, ಇಲ್ಲದಿದ್ದರೆ ಸಂಜೆಯೊಳಗೆ ಬೇರೆಯವರಿಗೆ. ಯಜಮಾನರು ನಕ್ಕು, ನನ್ನ ಕೆಲಸ ಇಲ್ಲಿ ಗಟ್ಟಿಯಾಗಿದೆ, ಯಾವನಾದರೂ ಹುಡುಗನಿಗೆ ಕೊಡು ಅಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, “ಏನಪ್ಪಾ ಇಂಜಿನಿಯರ್, ಸರಿ ತಾನೆ?” ಅಂತ ಕೇಳಿದರು. ನಾನು ಚಪಾತಿ ಅಗಿಯುತ್ತಾ ತಲೆಯಾಡಿಸಿದ್ದೆ.

ಎಣಿಸಿ ಮುಗಿಸಿದ ಯಜಮಾನರು ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಆ ಗುರುವಾರ ಸಿಕ್ಕಿತ್ತು.

“ಮಾಂಸದ ವಿಷಯ ಬಿಡು, ಅದು ನಿನಗೆ ಗೊತ್ತಿರಲಿಲ್ಲ” ಅಂದರು. “ಆ ಗುರುವಾರ ನಿನಗೆ ಗೊತ್ತಿತ್ತು.”

ಪಿಕಪ್‌ನ ಹಿಂಬಾಗಿಲು ಹಾಕಿ, ಹತ್ತಿ ಕೂತು, ಗಾಡಿ ಹಿಂದಕ್ಕೆ ತೆಗೆದುಕೊಂಡು ಹೋದರು.