ಬೆಟ್ಟಾ ಮೀನಿನ ಹೊಟ್ಟೆಯುಬ್ಬರ

ಬಬಲೇಶ್ವರದ ದನದ ದವಾಖಾನೆಯಲ್ಲಿ, ಒಂದು ಎಮ್ಮೆಯ ಹಿಂದೆ, ಉಪ್ಪಿನಕಾಯಿಯ ಗಾಜಿನ ಬರಣಿ ಹಿಡಿದುಕೊಂಡು ನಾನೂ ನಮ್ಮಾಕೀನೂ ಯಾಕೆ ನಿಂತಿದ್ದೆವು, ಹೇಳಿರಿ ನೋಡೋಣ.

ಬರಣಿಯೊಳಗೆ ನಮ್ಮ ಹೊಸ ಬೆಟ್ಟಾ ಮೀನಿತ್ತು, ಮನೆಯಲ್ಲಿ ಸಾಕುವ ಬಣ್ಣದ ಮೀನುಗಳಲ್ಲೇ ಜಗಳಗಂಟ ಜಾತಿ. ರಿಟೈರ್ ಆದ ಮೇಲೆ ನನ್ನ ಮಾತು ಕೇಳಲು ಯಾರಾದರೂ ಬೇಕಲ್ಲ, ಅಂತ ಹಿಂದಿನ ವಾರವಷ್ಟೇ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಕೊಂಡು ತಂದಿದ್ದೆ. ಇಳಕಲ್ ಸೀರೆಯ ಸೆರಗಿನಂಥ ಬಾಲ ಅದರದು. ಈಗ ನೋಡಿದರೆ ಹೊಟ್ಟೆ ಗೋಲಿಯಂತೆ ಉಬ್ಬಿ, ತಳದಲ್ಲಿ ಒಂದು ಮಗ್ಗುಲಾಗಿ ಬಿದ್ದಿತ್ತು. ಉಳಿಯುವ ಭರವಸೆ ನನಗಿರಲಿಲ್ಲ.

ಡಾಕ್ಟರು ಬರಣಿಯನ್ನು ಬೆಳಕಿಗೆ ಹಿಡಿದರು. "ಏನ ಹಾಕ್ತೀರ್ರಿ ಇದಕ್ಕ?"

"ಮೀನಿನ ಕಾಳ್ರಿ. ಮುಂಜಾನಿ ನಾ ಹಾಕ್ತೇನಿ, ಆಮ್ಯಾಲ ಇಕಿ ಹಾಕ್ತಾಳ. ನೋಡಾಕ ಬಂದವರೂ ಒಂದೊಂದು ಚಿಮಟಿ ಹಾಕ್ತಾರ."

"ಬೀಗರಿಗೆ ಉಪಚಾರ ಮಾಡಿದಂಗ ಮಾಡೀರಿ. ಔಷಧ ಬ್ಯಾಡ. ಎರಡು ದಿನ ಉಪವಾಸ ಕೆಡವ್ರಿ."

ನಮ್ಮಾಕಿಗೆ ಸಿಟ್ಟು ಬಂತು. "ಮನಿಗೆ ಬಂದ ಹೊಸಾ ಜೀವರಿ ಅದು. ಉಪವಾಸ ಹೆಂಗ ಕೆಡವೂದು?"

"ಅವ್ವಾರ, ನೀವು ಇವತ್ತ ಊಟ ಮಾಡೀರೇನು?"

"ಇಲ್ರಿ, ಇವತ್ತ ನಂದು ಉಪವಾಸ."

"ಮತ್ತ ನಿಮ್ಮ ಜೋಡಿ ಅದೂ ಮಾಡ್ಲಿ."

ಈ ಮಾತಿಗೆ ಆಕೆ ಒಪ್ಪಿದಳು. ಮೂರನೆಯ ದಿನ ಮುಂಜಾನೆ ಮೀನು ಹೊಟ್ಟೆ ಇಳಿಸಿಕೊಂಡು, ನನ್ನ ಬೆರಳು ಕಂಡದ್ದೇ ಕಿವಿರು ಅರಳಿಸಿ ಜಗಳಕ್ಕೆ ಬಂತು.

ನಮ್ಮಾಕಿಯ ಉಪವಾಸವೋ, ಅವತ್ತು ದವಾಖಾನೆಯಿಂದ ಬಂದವಳೇ ಸಾಬುದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು ಮುಂದಿಟ್ಟುಕೊಂಡು ಕೂತಳು. ನಾನೂ ಜೋಡಿಗೆ ಕೂತೆ. ನಮ್ಮ ಮನೆಯಲ್ಲಿ ಬರೀ ನೀರಿನ ಮೇಲೆ ಖರೇ ಉಪವಾಸ ಮಾಡಿದ್ದು ಆ ಮೀನೊಂದೇ, ಅದೂ ಆಷಾಢ ಏಕಾದಶಿಯ ದಿನ.