ಬಾಗಿಲಿಲ್ಲದ ಮನೆಗೆ ಬೀಗ

ಎರಡು ವರ್ಷದ ಹಿಂದೆ, ಏಪ್ರಿಲ್ 11, ಗುರುವಾರ, ಮಧ್ಯಾಹ್ನ 3.10. ನನ್ನ ಡೈರಿಯಲ್ಲಿ ಇದು ಶುರುವಾಗುವುದು ಅಲ್ಲಿಂದ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ನೀವೂ ನಗಬಹುದು, ಬೇಸರವಿಲ್ಲ.

ಆಗ ನಾನು ಕಳಸದ ಕಡೆ ಜ್ವರ ಸಮೀಕ್ಷೆಯ ತಾತ್ಕಾಲಿಕ ಕೆಲಸದಲ್ಲಿದ್ದೆ. ನನ್ನ ಪಾಲಿಗೆ 94 ಮನೆ. 83 ರಸ್ತೆ ಬದಿಯವು, 11 ಹಳ್ಳದ ಆಚೆಯ ಕಾಲೊನಿಯವು. ಆ ಹನ್ನೊಂದು ಮನೆಯವರು ಎಸ್ಟೇಟುಗಳಲ್ಲಿ ದುಡಿಯುತ್ತಾರೆ. ರಸ್ತೆಯ ಹೋಟೆಲಿನಲ್ಲಿ ಅವರಿಗೆ ಮಾತ್ರ ಟೀ ಪೇಪರ್ ಲೋಟದಲ್ಲಿ, ಅದೂ ಅಂಗಳದಲ್ಲಿ. ನಿಯಮದ ಪ್ರಕಾರ ಒಂದು ಮನೆಗೆ ಮೂರು ದಿನ ಹೋಗಿ, ಮೂರೂ ದಿನ ಯಾರೂ ಸಿಗದಿದ್ದರೆ ರಿಜಿಸ್ಟರಿನಲ್ಲಿ ‘ಬೀಗ’ ಎಂದು ಬರೆಯಬೇಕು. ಕಾಲೊನಿಯ ಮನೆಗಳಿಗೆ ಹೋಟೆಲಿನ ಬೆಂಚಿನಲ್ಲೇ ಕೂತು, ಮೂರು ತಾರೀಖು ಹಾಕಿ, ಮೂರು ಸಲ ‘ಬೀಗ’ ಬರೆಯುವುದು ರೂಢಿ. ಕಲಿಸಿದ್ದು ಹಿರಿಯ ಸಹೋದ್ಯೋಗಿ ಸುನಂದಕ್ಕ.

“ಅಲ್ಲಿಗೆ ಹೋದ್ರೆ ನೀರು ಕೊಡ್ತಾರೆ ಮಾರಾಯ. ಕುಡಿದ್ರೆ ಈಚೆ ಮನೆಯವ್ರು ಒಳಗೆ ಸೇರ್ಸಲ್ಲ, ಕುಡೀದಿದ್ರೆ ಅವ್ರಿಗೆ ಬೇಜಾರು. ಯಾಕೆ ಬೇಕು ನಿಂಗೆ?”

ಆ ಗುರುವಾರ ಹಳ್ಳದಲ್ಲಿ ಚಪ್ಪಲಿ ನೆನೆಯುವಷ್ಟೂ ನೀರಿರಲಿಲ್ಲ. ಆದರೂ ನಾನು ಬೆಂಚಿನಲ್ಲೇ ಕೂತು ಬರೆಯುತ್ತಿದ್ದೆ. ಕಾಲೊನಿಯ ಚೆನ್ನ ಟೀ ಹಿಡಿದುಕೊಂಡು ಅಂಗಳದಿಂದ ಇಣುಕಿ ನೋಡಿದ.

“ನಮ್ಮನೆಗೂ ಬೀಗ ಬರ್ದ್ರಾ ಸಾರ್? ಬಾಗ್ಲೇ ಇಲ್ವಲ್ಲ, ಎಲ್ಲಿಗೆ ಹಾಕಿದ್ರಿ?”

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆಮೇಲೆ ದನಿ ತಗ್ಗಿಸಿ, ಹೆಂಡತಿ ಸೀತುವಿಗೆ ಮೂರು ದಿನದಿಂದ ಜ್ವರ, ಎದ್ದು ನಿಲ್ಲಲಾರಳು, ಬಾಡಿಗೆ ಜೀಪಿನವರು ಹತ್ತಿಸಿಕೊಳ್ಳುತ್ತಿಲ್ಲ ಎಂದ. “ಶನಿವಾರ ಬರ್ತೀನಿ” ಎಂದೆ.

ಶುಕ್ರವಾರ ನನಗೇ ಜ್ವರ ಬಂತು. ಶನಿವಾರ ಏಳಲಾಗಲಿಲ್ಲ. ನನ್ನದು ರಸ್ತೆ ಬದಿಯ ಬಾಡಿಗೆ ಕೋಣೆ, ಸಮೀಕ್ಷೆಯ 83 ಮನೆಗಳಲ್ಲಿ ಅದೂ ಒಂದು. ಮಾಲೀಕರು ಚಿಕ್ಕಮಗಳೂರಿಗೆ ಹೋಗಿದ್ದರು, ಕರೆಂಟಿಲ್ಲದೆ ಫೋನ್ ಸತ್ತಿತ್ತು. ಸೆಕೆಗೆ ಬಾಗಿಲು ತೆರೆದೇ ಮಲಗಿದ್ದೆ. ಮಧ್ಯಾಹ್ನ, ನನ್ನ ಬದಲಿಗೆ ಸಮೀಕ್ಷೆಗೆ ಹೊರಟಿದ್ದ ಸುನಂದಕ್ಕ ಹೊಸ್ತಿಲಿಗೆ ಬಂದು ನಿಂತು ನೇರ ನನ್ನ ಮುಖ ನೋಡಿದರು. “ಅಕ್ಕಾ” ಎಂದೆ. ಪಕ್ಕದ ಮನೆಯ ನಾಯಿ ನನ್ನ ದನಿಗೆ ತಿರುಗಿತು. ಅವರು ಮಾತ್ರ “ಬೀಗ” ಎಂದು ತಮಗೇ ಹೇಳಿಕೊಂಡು, ಬರೆದು, ಹೋದರು. ಸೋಮವಾರ ಹಾಗೆಯೇ. ಮಂಗಳವಾರ ಹಾಗೆಯೇ. ಮೂರೂ ಸಲ ಗಡಿಯಾರ ನೋಡಿದ್ದೇನೆ: 3.10.

ಮಂಗಳವಾರ ನಾಲ್ಕು ಗಂಟೆಗೆ ಮಾಲೀಕರು ಬಂದರು. ಬಾಗಿಲು ತೆರೆದೇ ಇತ್ತಂತೆ. ಅವರದೇ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ರಕ್ತಪರೀಕ್ಷೆ, ಡ್ರಿಪ್, ಆರು ದಿನ ಹಾಸಿಗೆ. ಬದುಕಿದೆ.

ನೋಡಲು ಬಂದ ಸುನಂದಕ್ಕ ಅತ್ತರು. “ಊರಿಗೆ ಹೋಗಿದ್ದಿ ಅಂದ್ಕೊಂಡೆ ಕಣೋ. ಇಷ್ಟು ದೊಡ್ಡ ಹಿತ್ತಾಳೆ ಬೀಗ ನೇತಾಡ್ತಿತ್ತು.” ನನ್ನ ಬಾಗಿಲಿಗಿರುವುದು ಚಿಲಕ ಮಾತ್ರ. ಹಿತ್ತಾಳೆ ಬೀಗ ನನ್ನಲ್ಲೂ ಇಲ್ಲ, ಮಾಲೀಕರಲ್ಲೂ ಇಲ್ಲ. ಮತ್ತೆ ಮತ್ತೆ ಕೇಳಿದೆ. ಅದೇ ಉತ್ತರ.

ಏಪ್ರಿಲ್ 24, ಬುಧವಾರ, ಮೊದಲ ಬಾರಿಗೆ ಹಳ್ಳ ದಾಟಿದೆ. ಚೆನ್ನನ ಮನೆಗೆ ಬಾಗಿಲಿನ ಜಾಗದಲ್ಲಿ ಗೋಣಿಯ ಪರದೆ. ಸೀತು ತೀರಿಕೊಂಡು ಎಂಟು ದಿನವಾಗಿತ್ತು. ನನ್ನನ್ನು ಕಾರಿಗೆ ಹತ್ತಿಸಿದ ಅದೇ ಮಂಗಳವಾರ. ಚೆನ್ನ ಬೈಯಲಿಲ್ಲ.

“ಶನಿವಾರ ಬರ್ತೀನಿ ಅಂದಿದ್ರಲ್ಲ ಸಾರ್. ಒಳಗೆ ಜನ ಇದಾರೆ ಅಂತ ಕಾಣ್ಲಿ ಅಂತ ಗೋಣಿ ಎತ್ತಿ ಕಟ್ಟಿದ್ವಿ.”

ನೀರು ಕೊಟ್ಟ. ಕುಡಿದೆ. ಮುಂದಿನ ವಾರ ಈಚೆಯ ಏಳು ಮನೆಗಳಲ್ಲಿ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿದರು. ಅದನ್ನೂ ಬರೆದಿಟ್ಟಿದ್ದೇನೆ.

ಜ್ವರದ ಭ್ರಮೆ ಎಂದರು ಡಾಕ್ಟರು. ಇರಬಹುದು. ಆದರೆ ಸುನಂದಕ್ಕನಿಗೆ ಜ್ವರವಿರಲಿಲ್ಲ. ಹನ್ನೊಂದು ಮನೆಗೆ ಮೂವತ್ಮೂರು ಸಲ ‘ಬೀಗ’ ಎಂದು ಬರೆಯುವಾಗ ನನಗೂ ಇರಲಿಲ್ಲ. ಇದಕ್ಕಿಂತ ಹೆಚ್ಚು ನನಗೆ ತಿಳಿಯದು.

ಈ ಗುಡ್ಡಗಳಲ್ಲಿ ರಿಜಿಸ್ಟರ್ ಹಿಡಿದು ತಿರುಗಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಮನುಷ್ಯರು ಎದುರಿಗಿದ್ದಾಗಲೇ ನಿಮಗೂ ಬೀಗ ಕಂಡಿದ್ದರೆ, ದಯವಿಟ್ಟು ಬರೆದು ತಿಳಿಸಿ. ಅದೂ ಹಿತ್ತಾಳೆಯದೇ ಆಗಿತ್ತೇ?